ಸಾಕಿನ ಕಾದಂಬರಿ

ಇದು ನಡೆದ ಊರಿನ ಹೆಸರು ನಾನು ಹೇಳುವುದಿಲ್ಲ. ಶಹಾಪುರ ಎಂದರೆ ಸುರಪುರದವರು ನಗುತ್ತಾರೆ, ಸುರಪುರ ಎಂದರೆ ಯಾದಗಿರಿಯವರು ನಗುತ್ತಾರೆ, ಯಾದಗಿರಿ ಎಂದೆನೋ ಆ ಊರಿನವರು ನೆಟ್ಟಗೆ ನಮ್ಮ ಮನೆಗೇ ಬರುತ್ತಾರೆ. ಈ ಮೂರರ ನಡುವೆ ಎಲ್ಲೋ ಒಂದು ತಾಲೂಕು ಕಚೇರಿ, ಅದರ ಮುಂದೊಂದು ಬೇವಿನ ಮರ ಇತ್ತು ಎಂದಿಟ್ಟುಕೊಳ್ಳಿ. ಮರದ ಕೆಳಗೆ ಮುನ್ಶಿ ಜಗದೇವಪ್ಪನವರು ಕೂಡುತ್ತಿದ್ದರು. ನಾನು ಅದೇ ಊರಿನ ಶಾಲೆಯಲ್ಲಿ ಕನ್ನಡ ಮಾಸ್ತರ. ನಡೆದದ್ದರಲ್ಲಿ ನಾಲ್ಕಾಣೆ ತಪ್ಪು ನನ್ನದು. ಉಳಿದ ಹನ್ನೆರಡಾಣೆ ಯಾರದೆಂದು ಈ ವಯಸ್ಸಿನಲ್ಲೂ ನನಗೆ ತೀರ್ಮಾನವಾಗಿಲ್ಲ.

ಜಗದೇವಪ್ಪನವರ ಕಸುಬು ಮಂದಿಗೆ ಅರ್ಜಿ ಬರೆದುಕೊಡುವುದು. ಇಪ್ಪತ್ತೆರಡು ವರ್ಷ ಅವರು ಉರ್ದುವಿನಲ್ಲಿ ಬರೆದರು. ಬದುವಿನ ಜಗಳಕ್ಕೆ ಅವರು ಬರೆದ ಅರ್ಜಿ ಓದಿದರೆ ಸುಲ್ತಾನರ ದಂಡು ಎದ್ದು ಬಂದ ಹಾಗಿರುತ್ತಿತ್ತಂತೆ. ಯಾವ ತಕರಾರೂ ಇಲ್ಲದವರು ಕೂಡ ಬಂದು, 'ಒಂದು ಬರೀರಿ ಮುನ್ಶಿಗೋಳ, ಮುಂದ ಬೇಕಾಗ್ತದ' ಎಂದು ಬರೆಸಿಕೊಂಡು ಹೋಗುತ್ತಿದ್ದರು. ಆ ಅರ್ಜಿಗಳಿಗೊಂದು ಕ್ರಮವಿತ್ತು. ಮೊದಲು ಮನುಷ್ಯನ ಹೆಸರು, ಆಮೇಲೆ ಅವನ ಅಪ್ಪನ ಹೆಸರು, ಅದರ ಕೆಳಗೆ 'ಸಾಕಿನ' ಎಂದು ಬರೆದು ಅವನು ವಾಸವಾಗಿರುವ ಊರು. ಹೆಸರಿನ ಕೆಳಗೆ ಊರು ಇಲ್ಲದ ಕಾಗದವನ್ನು ಜಗದೇವಪ್ಪನವರು ಕಾಗದವೆಂದೇ ಒಪ್ಪುತ್ತಿರಲಿಲ್ಲ.

ಐವತ್ತಾರನೇ ಇಸವಿಯ ನವೆಂಬರದಲ್ಲಿ ನಾವು ಹೈದರಾಬಾದಿನಿಂದ ಮೈಸೂರಿಗೆ ಬಂದೆವು. ಕೂತ ಕಟ್ಟೆಯಿಂದ ಏಳದೆಯೇ ಬಂದೆವು. ಚಹಾ ಅದೇ, ಬಿಸಿಲು ಅದೇ, ರಾಜ್ಯ ಮಾತ್ರ ಬೇರೆ. ಸ್ವಲ್ಪ ದಿನಕ್ಕೆ ಹಳೇ ಮೈಸೂರು ಕಡೆಯಿಂದ ಹೊಸ ತಹಸೀಲ್ದಾರರು ಬಂದರು. ಬಿಳಿ ಕೋಟು, ಮೆಲ್ಲಗಿನ ಮಾತು. ನಮ್ಮ ಮಂದಿ ಮಾತಾಡಿದರೆ ತಮ್ಮನ್ನು ಬೈಯುತ್ತಿದ್ದಾರೆಂದು ಮೊದಲ ಒಂದು ವಾರ ಅವರು ಹೆದರಿದ್ದರು. ಹೆದರಿಕೆ ಹೋದ ಮೇಲೆ ಒಂದು ಹುಕುಂ ಹೊರಡಿಸಿದರು: ಮರದ ಕೆಳಗಿನ ಮುನ್ಶಿಗಳು ಇನ್ನು ಕನ್ನಡದಲ್ಲೇ ಬರೆಯಬೇಕು. ಬರೆಯಬಲ್ಲರೆಂಬುದಕ್ಕೆ ತಿಂಗಳೊಳಗೆ ಕನ್ನಡದ ಒಂದು ಪುಸ್ತಕ ಓದಿ, ಅದರ ಬಗ್ಗೆ ಎರಡು ಪುಟ ಅಭಿಪ್ರಾಯ ಬರೆದು ಕಚೇರಿಗೆ ಕೊಡಬೇಕು. ಕೊಟ್ಟವರಿಗೆ ಬರೆಯುವ ಪರವಾನಗಿಯ ಸನದು, ಕೊಡದವರು ಮರದ ನೆರಳು ಬಿಡಬೇಕು.

ಆ ಮರದ ನೆರಳು ಬಿಟ್ಟರೆ ಜಗದೇವಪ್ಪನವರಿಗೆ ಜಗತ್ತಿನಲ್ಲಿ ಕೂಡುವ ಜಾಗವೇ ಇರಲಿಲ್ಲ. ಮನೆಯಲ್ಲಿ ಶಿವಬಸಮ್ಮನವರು ಅವರನ್ನು ಹಗಲು ಹೊತ್ತು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ನನ್ನ ಹತ್ತಿರ ಬಂದರು.

"ಮಾಸ್ತರ, ಒಂದು ಕನ್ನಡ ಕಿತಾಬ್ ಕೊಡ್ರಿ. ಅಕ್ಷರ ದಪ್ಪ ಇರ್ಲಿ, ಕಿತಾಬ್ ತೆಳ್ಳಗಿರ್ಲಿ."

ನನ್ನ ಹತ್ತಿರ ಇದ್ದದ್ದು ಮೂರು ಪುಸ್ತಕ. ಒಂದು ವ್ಯಾಕರಣ, ಒಂದು ಅಂಕಗಣಿತ, ಮೂರನೆಯದು ಧಾರವಾಡದ ಗೆಳೆಯ ಕಳಿಸಿದ್ದ ಹೊಸ ಪುಸ್ತಕ. ಒಬ್ಬ ಖೊಟ್ಟಿ ವಿಜ್ಞಾನಿಯನ್ನು ಗೇಲಿ ಮಾಡಿ ಬರೆದದ್ದು. ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದನ್ನೇ ಕೊಟ್ಟೆ. ಮುಖಪುಟದ ಮೇಲೆ ದಪ್ಪಗೆ 'ಮಹಾವಿಜ್ಞಾನಿ ತ್ರಿಯಂಬಕರಾಯ' ಎಂದಿತ್ತು. ಅದರ ಕೆಳಗೆ ಸಣ್ಣಗೆ 'ಕಾದಂಬರಿ' ಎಂದಿತ್ತು. ಜಗದೇವಪ್ಪನವರು ಬೆರಳಿಟ್ಟು ಓದಿದರು.

"ತ್ರಿ... ಯಂ... ಬಕರಾಯ. ಕಾ... ದಂ... ಬರಿ. ಹೂಂ. ಕಾದಂಬರಿ ಹಳೀದೇನ್ರಿ?"

"ಹೊಸದ್ರಿ. ಈಗೀಗ ಮೈಸೂರು ಕಡೆ ಭಾಳ ಹೆಸರಾಗ್ಯದ."

"ಮಂದಿ ಹ್ಯಾಂಗದಾರ ಅದರಾಗ?"

"ಒಬ್ಬಾಂವನೂ ನೆಟ್ಟಗಿಲ್ಲ. ಆ ತ್ರಿಯಂಬಕರಾಯ ಅಂತೂ ದೊಡ್ಡ ಖದೀಮ."

"ಮತ್ತ ಸರ್ಕಾರ ಏನ್ ಮಾಡಕತ್ತದ?"

"ಸರ್ಕಾರ ಅವಗ ಪದಕ ಕೊಟ್ಟದ!" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಪುಸ್ತಕವನ್ನು ರುಮಾಲಿನಲ್ಲಿ ಸುತ್ತಿ, ತುಟಿ ಬಿಗಿದುಕೊಂಡು ಹೊರಟರು. ಪಾಪ, ಹಾಸ್ಯ ತಿಳಿಯದ ಮನುಷ್ಯ ಎಂದುಕೊಂಡೆ. ಹೆಸರಿನ ಕೆಳಗಿನ ಕಾದಂಬರಿಯನ್ನು ಅವರು ಊರೆಂದು ತಿಳಿದಿದ್ದರು. ಅವರಿಗೆ 'ನಾವೆಲ್ಲು' ಎಂಬುದು ಗೊತ್ತಿತ್ತು, ಅದು ಉರ್ದುವಿನಲ್ಲಿ. ಕನ್ನಡದಲ್ಲಿ ಅದಕ್ಕೆ ಏನನ್ನುತ್ತಾರೆಂದು ಹೇಳಿಕೊಡಬೇಕಾದ ಕನ್ನಡ ಮಾಸ್ತರ ನಗುತ್ತ ನಿಂತಿದ್ದ. ನನ್ನ ನಾಲ್ಕಾಣೆ ಶುರುವಾದದ್ದು ಅಲ್ಲಿಂದ.

ಓದು ದಿನಾ ಸಂಜೆ ಅವರ ಮನೆ ಮುಂದಿನ ಕಟ್ಟೆಯ ಮೇಲೆ ನಡೆಯುತ್ತಿತ್ತು. ಜಗದೇವಪ್ಪನವರಿಗೆ ಕನ್ನಡವನ್ನು ಮನಸ್ಸಿನಲ್ಲೇ ಓದಲು ಬರುತ್ತಿರಲಿಲ್ಲ. ಗಟ್ಟಿಯಾಗಿ, ಕೋರ್ಟಿನಲ್ಲಿ ಹೆಸರು ಕೂಗಿದ ಹಾಗೆ ಓದಬೇಕು. ಹೀಗಾಗಿ ಕೇಳುವವರು ತಾವಾಗಿಯೇ ಸೇರಿದರು. ಶಿವಬಸಮ್ಮನವರು ಹೊಸ್ತಿಲ ಮೇಲೆ ಮೊರ ಹಿಡಿದು ಕೂಡುವರು. ಪಕ್ಕದ ಮನೆಯ ಚಮನಬೀ ಹೊಲಿಗೆ ತಂದುಕೊಂಡು ಬರುವಳು. ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬರುವ ಹುಲಗಪ್ಪ ಬಡಿಗೆಯ ಮೇಲೆ ಗದ್ದ ಊರಿ ನಿಲ್ಲುವನು. ಅವನು ನಿಂತರೆ ಅವನ ಕುರಿಗಳೂ ನಿಲ್ಲುತ್ತಿದ್ದವು. ಹಾದುಹೋಗುವಾಗ ನಾನೂ ಒಂದೆರಡು ಸಲ ದೂರದಿಂದ ನೋಡಿದೆ. ಕನ್ನಡಕ್ಕೆ ಎಂಥಾ ಒಳ್ಳೆಯ ಕಾಲ ಬಂತು ಎಂದು ಎದೆ ತುಂಬಿ ಬಂತು. ಖರೆ ಹೇಳುತ್ತೇನೆ, ಈಗಲೂ ತುಂಬಿ ಬರುತ್ತದೆ. ಆ ಕಟ್ಟೆ ಒಡೆದು ರಸ್ತೆ ಅಗಲ ಮಾಡಿದ್ದಾರೆ. ನಿಂತು ಕೇಳುವವರು ಈಗ ಯಾರಿದ್ದಾರೆ?

ಪುಸ್ತಕದ ತ್ರಿಯಂಬಕರಾಯ ಮೇವಿಲ್ಲದೆ ಬದುಕುವ ಕುರಿಯನ್ನು ಕಂಡುಹಿಡಿಯಲು ಹೊರಟ ವಿಜ್ಞಾನಿ. ಲೆಕ್ಕ, ಟಿಪ್ಪಣಿ ಎಲ್ಲ ಬರೆಯುವವಳು ಹೆಂಡತಿ. ಅದರ ಕೆಳಗೆ ಸಹಿ ಮಾಡುವವನು ಅವನು. ಅವನು ತನ್ನದೊಂದು ಪುಡಿಯನ್ನು ನಿಂಗವ್ವ ಎಂಬ ವಿಧವೆಯ ಹದಿನೇಳು ಕುರಿಗಳಿಗೆ ತಿನ್ನಿಸುತ್ತಾನೆ. ಹದಿನೇಳೂ ಸಾಯುತ್ತವೆ. ಅವನು ಸರ್ಕಾರಕ್ಕೆ ವರದಿ ಬರೆಯುತ್ತಾನೆ. ಆ ವಾಕ್ಯವನ್ನು ಜಗದೇವಪ್ಪನವರು ಮೂರು ಸಲ ಓದಿದರಂತೆ: 'ನನ್ನ ಪುಡಿಯನ್ನು ಸೇವಿಸಿದ ಕುರಿಗಳು ಹುಲ್ಲು ತಿನ್ನುವುದನ್ನು ಸಂಪೂರ್ಣವಾಗಿ ನಿಲ್ಲಿಸಿವೆ.' ಸರ್ಕಾರ ಮೆಚ್ಚಿ ಪದಕ ಕೊಡುತ್ತದೆ. ಈ ಜಾಗದಲ್ಲಿ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಹುಲಗಪ್ಪ ಬಡಿಗೆ ಎತ್ತಿ ನೆಲಕ್ಕೆ ಕುಟ್ಟಿದನಂತೆ.

"ಸತ್ತ ಕುರಿ ಹ್ಯಾಂಗ ತಿಂತಾವಲೇ ಮಗನ! ಎಲ್ಲದ ಮುನ್ಶಿಗೋಳ ಆ ಕಾದಂಬರಿ? ದಾರಿ ಹೇಳ್ರಿ, ನಾಳೆ ಹೊಂಟೆ ನಾ."

"ಮೈಸೂರು ಕಡೆ ಅಂತ. ಮಾಸ್ತರ ಹೇಳ್ಯಾರ. ಆ ಊರಾಗ ಒಬ್ಬಾಂವನೂ ನೆಟ್ಟಗಿಲ್ಲಂತ."

"ಯಾ ಅಲ್ಲಾ," ಎಂದಳು ಚಮನಬೀ, ಸೂಜಿ ನಿಲ್ಲಿಸಿ. "ಆ ಮುದುಕಿ ಈಗ ಏನ್ ಉಣ್ತಾಳೋ. ಹದಿನೇಳು ಕುರಿ ಅಂದ್ರ ಒಂದು ಮನಿ ಅಲ್ಲೇನ್ರಿ ಅಣ್ಣಾ?"

ಶಿವಬಸಮ್ಮನವರಿಗೆ ತ್ರಿಯಂಬಕರಾಯನ ಹೆಂಡತಿಯ ಸಂಗತಿ ಹಿಡಿದಿತ್ತು. "ಬರಿಯಾಕಿ ಅಕಿ, ಪದಕ ಇವಗ. ಇಲ್ಲಿ ರೊಟ್ಟಿ ಬಡಿಯಾಕಿ ನಾ, 'ಜಗದೇವಪ್ಪನ ಮನಿ ರೊಟ್ಟಿ ಛಲೋ' ಅಂತಾರ ಮಂದಿ. ಹಂಗ ಆತು ಇದು. ಏನ್ರಿ, ಕೇಳಿಸ್ತೋ ಇಲ್ಲೋ? ಇಪ್ಪತ್ತೆರಡು ವರ್ಷ ಊರ ಮಂದಿಗೆ ಅರ್ಜಿ ಬರದೀರಿ. ಈ ಹೆಣಮಕ್ಕಳ ಪರವಾಗಿ ಒಂದು ಬರೀರಿ, ನೋಡೋಣ!"

ಎದುರಿಗೆ ಯಾರಾದರೂ ಕಣ್ಣೀರು ತೆಗೆದರೆ ಜಗದೇವಪ್ಪನವರ ಕೈ ತಾನಾಗಿಯೇ ಮಸಿಯ ದೌತಿಗೆ ಹೋಗುತ್ತಿತ್ತು. ಇಲ್ಲಿ ಒಟ್ಟಿಗೆ ಮೂವರು ಕಣ್ಣೀರು ತೆಗೆದಿದ್ದರು. ಮತ್ತೆ, ತಹಸೀಲ್ದಾರರು ಕೇಳಿದ್ದು ಅಭಿಪ್ರಾಯ ತಾನೇ? ಈ ವಿಷಯದಲ್ಲಿ ಏನು ಕ್ರಮ ಆಗಬೇಕು ಎಂಬುದೇ ಜಗದೇವಪ್ಪನವರ ಅಭಿಪ್ರಾಯವಾಗಿತ್ತು. ಅಂದೇ ಬರೆದರು. ಆ ಕಾಗದ ಮುಂದೆ ನಾನು ಕಣ್ಣಾರೆ ನೋಡಿದ್ದೇನೆ:

'ಮೆಹರ್ಬಾನ ತಹಸೀಲ್ದಾರ ಸಾಹೇಬರ ಹುಜೂರಿಗೆ. ತ್ರಿಯಂಬಕರಾಯ, ತಂದೆಯ ಹೆಸರು ಕಿತಾಬಿನಲ್ಲಿ ಕಂಡುಬಂದಿಲ್ಲ, ಸಾಕಿನ ಕಾದಂಬರಿ, ಇವನು ನಿಂಗವ್ವ ಎಂಬ ಬಡ ವಿಧವೆಯ ಹದಿನೇಳು ಕುರಿಗಳನ್ನು ಪುಡಿ ಹಾಕಿ ಕೊಂದದ್ದಲ್ಲದೆ, ಸತ್ತ ಕುರಿಗಳ ಮೇಲೆ ಸುಳ್ಳು ವರದಿ ಮಾಡಿ ಸರ್ಕಾರದ ಕಣ್ಣಿಗೆ ಮಣ್ಣೆರಚಿದ್ದಾನೆ. ನನ್ನ ಅಭಿಪ್ರಾಯ ಏನಂದರೆ, ಪದಕ ಜಪ್ತಿ ಮಾಡಿ ಅವನ ಹೆಂಡತಿಗೆ ಕೊಡತಕ್ಕದ್ದು. ನಿಂಗವ್ವನಿಗೆ ಹದಿನೇಳು ಕುರಿ ಕೊಡಿಸತಕ್ಕದ್ದು. ಸದರಿ ಪುಡಿಯನ್ನು ಮೊದಲು ಅವನಿಗೇ ತಿನ್ನಿಸಿ ನೋಡತಕ್ಕದ್ದು.' ಕೆಳಗೆ ಸಾಕ್ಷಿಗಳೆಂದು ಶಿವಬಸಮ್ಮ, ಚಮನಬೀ, ಹುಲಗಪ್ಪ ಮೂವರ ಹೆಬ್ಬೆಟ್ಟು.

ಇದು ಕಚೇರಿಯಲ್ಲಿ ಪೇಶ್ಕಾರ ಭಗವಂತರಾಯರ ಕೈಗೆ ಬಂತು. ತಹಸೀಲ್ದಾರರ ಮುಂದೆ ಕಾಗದ ಇಡುವುದು ಅವರ ಕೆಲಸ. ಅವರಿಗೂ ಕನ್ನಡದ ಅಕ್ಷರಗಳು ದೂರದ ಬೀಗರಿದ್ದ ಹಾಗೆ. ಮುಖ ಪರಿಚಯವಿತ್ತು, ಮಾತುಕತೆ ಇರಲಿಲ್ಲ. ಮೇಲೆ ನೋಡಿದರು: ಹುಜೂರಿಗೆ. ಕೆಳಗೆ ನೋಡಿದರು: ಹೆಬ್ಬೆಟ್ಟು. ಅರ್ಜಿಯೇ ಸೈ ಎಂದು ಹೊಸ ಮಿಸಲು, ಅಂದರೆ ಕಡತ, ತೆರೆದು, ನಂಬರು ಹಾಕಿ, ದಾರ ಕಟ್ಟಿದರು. ಅಭಿಪ್ರಾಯಗಳ ಕಟ್ಟಿಗೆ ಅದು ಸೇರಲೇ ಇಲ್ಲ. 'ಸಾಕಿನ ಕಾದಂಬರಿ' ಎಂಬಲ್ಲಿಯವರೆಗೆ ಅಕ್ಷರ ಕೂಡಿಸಿ ಓದಿದಾಗ, ಕೃತ್ಯ ನಡೆದ ಊರು ತಮ್ಮ ತಾಲೂಕಿನಲ್ಲಿ ಇಲ್ಲವಲ್ಲ ಎಂಬ ಚಿಂತೆ ಮಾತ್ರ ಹತ್ತಿತು. ಹೊಸ ಸಾಹೇಬರನ್ನು ಕೇಳಿದರೆ, ರಾಜ್ಯದ ಊರೇ ಗೊತ್ತಿಲ್ಲದ ಪೇಶ್ಕಾರ ಎಂದಾರು. ಚಹಾದಂಗಡಿಯಲ್ಲಿ ನನ್ನ ಪಕ್ಕ ಬಂದು ಕೂತರು.

"ಮಾಸ್ತರ, ಕಾದಂಬರಿ ನಿಮಗ ಗೊತ್ತೇನ್ರಿ?"

"ಗೊತ್ತಿಲ್ಲದೇನ್ರಿ? ಅದರಾಗೇ ಮುಳುಗಿರ್ತೀನಿ ನಾ."

"ಯಾವ ಕಡಿಂದ ಬರ್ತದ ಅದು?"

"ಧಾರವಾಡ, ಮೈಸೂರು, ಮಂಗಳೂರು... ಎಲ್ಲಾ ಕಡಿಂದ ಬರ್ತಾವ್ರಿ."

ಭಗವಂತರಾಯರು ಬಟ್ಟಲು ಕೆಳಗಿಟ್ಟರು. "ಬರ್ತಾವ? ಒಂದ ಅಲ್ಲೇನು?"

"ಒಂದೇನ್ರಿ, ನೂರಾರು ಅವ! ವರ್ಷ ವರ್ಷ ಹೊಸಾವು ಹುಟ್ಟತಾವ."

ಪೇಶ್ಕಾರರೂ ಸಾಹಿತ್ಯಕ್ಕೆ ಬಿದ್ದರಲ್ಲ ಎಂದು ನಾನು ಸಂತೋಷದಿಂದ ಅವರ ಚಹಾ ನಾನೇ ಕೊಡಿಸಿದೆ. ಅವರು ಕಚೇರಿಗೆ ಹೋಗಿ, ನೂರಾರು ಕಾದಂಬರಿಗಳಿರುವ ಆ ವಿಚಿತ್ರ ರಾಜ್ಯದ ಇಪ್ಪತ್ಮೂರು ತಾಲೂಕುಗಳಿಗೆ ಪತ್ರ ಬರೆಸಿದರು: 'ತಮ್ಮ ಹದ್ದಿನಲ್ಲಿ ಕಾದಂಬರಿ ಎಂಬ ಊರು ಇದೆಯೇ? ಇದ್ದಲ್ಲಿ ಅಲ್ಲಿಯ ತ್ರಿಯಂಬಕರಾಯನನ್ನು ತನಿಖೆ ಮಾಡುವುದು.'

ಉತ್ತರಗಳು ಬರತೊಡಗಿದವು. ಎಲ್ಲಾ ಕಡೆ ಪೇಶ್ಕಾರರಂಥವರೇ ಇದ್ದರೆಂದು ಕಾಣುತ್ತದೆ. ಒಂದು ತಾಲೂಕು 'ನಮ್ಮಲ್ಲಿ ಇಲ್ಲ, ಪಕ್ಕದ ತಾಲೂಕಿಗೆ ರವಾನಿಸಿದೆ' ಎಂದಿತು. ಇನ್ನೊಂದು 'ಕಾದಂಬರಿ ಇಲ್ಲ, ಕದಂಬನಹಳ್ಳಿ ಇದೆ, ಆಗಬಹುದೇ?' ಎಂದಿತು. ಮತ್ತೊಂದು, ಊರು ಇದ್ದಿರಬಹುದು, ಹೊಳೆ ಕೊಚ್ಚಿಕೊಂಡು ಹೋಗಿರಬಹುದು ಎಂದು ವಿಷಾದ ತಿಳಿಸಿತು. ಕರಾವಳಿಯ ಒಂದು ಕಚೇರಿ ಮಾತ್ರ 'ತ್ರಿಯಂಬಕರಾಯ ಎಂಬವರು ಇದ್ದಾರೆ, ಆದರೆ ಮೀನಿನ ವ್ಯಾಪಾರ. ಕುರಿಯ ಪರಿಚಯ ಇಲ್ಲವೆಂದು ಹೇಳಿಕೆ ಕೊಟ್ಟಿದ್ದಾರೆ' ಎಂದು ಆ ಬಡಪಾಯಿಯ ಸಹಿ ಸಮೇತ ಕಳಿಸಿತು.

ಇಷ್ಟರಲ್ಲಿ ತಿಂಗಳು ಮುಗಿಯಿತು. ಕಚೇರಿಯ ಬಾಗಿಲಿಗೆ ಪಟ್ಟಿ ಅಂಟಿಸಿದರು. ಮುನ್ಶಿಗಳು ಮೂವರು. ಒಬ್ಬರು ಬಾಲಬೋಧೆಯ ಮೇಲೆ ಬರೆದು ಸನದು ಪಡೆದಿದ್ದರು, ಇನ್ನೊಬ್ಬರು ಪಂಚಾಂಗದ ಮೇಲೆ ಬರೆದು ಪಡೆದಿದ್ದರು. ಜಗದೇವಪ್ಪನವರ ಹೆಸರಿನ ಮುಂದೆ 'ಅಭಿಪ್ರಾಯ ಬಂದಿಲ್ಲ' ಎಂದಿತ್ತು. ಜವಾನ ಬಂದು ಮರದ ಕೆಳಗಿನ ಅವರ ಬರೆಯುವ ಪೆಟ್ಟಿಗೆಯನ್ನು ಎತ್ತಿ ಬಿಸಿಲಿಗೆ ಇಟ್ಟ. 'ಕೊಟ್ಟೀನಲ್ಲೋ ತಮ್ಮಾ' ಎಂದಷ್ಟೇ ಅಂದು ಅವರು ಪೆಟ್ಟಿಗೆ ಹೊತ್ತುಕೊಂಡು ಮನೆಗೆ ನಡೆದರು. ಊರ ಮಂದಿಯ ಪರವಾಗಿ ಗರ್ಜಿಸಿ ಬರೆಯುತ್ತಿದ್ದ ಮನುಷ್ಯನಿಗೆ ತನ್ನ ಪರವಾಗಿ ಒಂದು ಸಾಲು ಬರೆಯಲು ಬಾರದೆ ಹೋಯಿತು. ಅದನ್ನು ನೋಡಿ ನನಗೆ ಸಂಕಟವಾಯಿತು.

ಶಿವಬಸಮ್ಮನವರಿಗೆ ಸಂಕಟ ಆಗುವುದಿಲ್ಲ, ಸಿಟ್ಟು ಬರುತ್ತದೆ. ಹಗಲು ಹನ್ನೊಂದಕ್ಕೆ ಗಂಡ ಮನೆಗೆ ಬಂದದ್ದು ನೋಡಿ ಅವರು ಸೆರಗು ಸಿಕ್ಕಿಸಿ ಕಚೇರಿಗೆ ನಡೆದರು. ಹಿಂದೆ ಚಮನಬೀ. ಹಿಂದೆ ಹುಲಗಪ್ಪ. ಅವನ ಹಿಂದೆ ಕುರಿಗಳು.

ತಹಸೀಲ್ದಾರರು ಗಾಬರಿಯಿಂದ ಎದ್ದು ನಿಂತರು. "ಏನಮ್ಮಾ ಇದು? ಕುರಿಗಳನ್ನೆಲ್ಲಾ ಯಾಕೆ ತಂದಿದ್ದೀರಿ?"

"ನೋಡ್ಕೋರಿ ಸಾಹೇಬ್ರ," ಎಂದ ಹುಲಗಪ್ಪ. "ನೀವು ಕುರಿ ನೋಡಿದ್ದಿಲ್ಲ ಕಾಣ್ತದ. ನೋಡಿದ್ರ ಅರ್ಜಿ ಇಷ್ಟ ದಿನ ಇಟ್ಕೊಂಡು ಕೂಡ್ತಿದ್ದಿಲ್ಲ."

"ಯಾವ ಅರ್ಜಿ?"

"ಕಾದಂಬರಿದು!" ಎಂದರು ಶಿವಬಸಮ್ಮನವರು. "ನಮ್ಮನಿಯವರು ಬರದು ಕೊಟ್ಟಾರ. ನಾ ಹೆಬ್ಬೆಟ್ಟು ಒತ್ತೀನಿ. ಮುದುಕಿಗೆ ನ್ಯಾಯ ಇಲ್ಲ, ಬರದಾಂವಗ ನೆರಳಿಲ್ಲ. ಇದೇನ್ರಿ ನಿಮ್ಮ ಹೊಸ ರಾಜ್ಯ?"

ಮಿಸಲು ತರಿಸಿದರು. ಒಂದು ಗೇಣು ದಪ್ಪವಾಗಿತ್ತು. ತಹಸೀಲ್ದಾರರು ಮೊದಲ ಹಾಳೆ ಓದಿದರು, ಮುಖ ಕೆಂಪಾಯಿತು. ಮೀನು ವ್ಯಾಪಾರಿಯ ಹೇಳಿಕೆಗೆ ಬರುವ ಹೊತ್ತಿಗೆ ಕರವಸ್ತ್ರ ಬಾಯಿಗೆ ಹೋಗಿತ್ತು. ಜಗದೇವಪ್ಪನವರಿಗೂ ನನಗೂ ಕರೆ ಹೋಯಿತು. ನಾನು ಹೋಗುವಷ್ಟರಲ್ಲಿ ಅರ್ಧ ಊರು ಕಚೇರಿಯಲ್ಲಿತ್ತು.

"ಜಗದೇವಪ್ಪನವರೇ," ಎಂದರು ತಹಸೀಲ್ದಾರರು, "ಕಾದಂಬರಿ ಅಂದರೆ ಊರಲ್ಲ. ಕಟ್ಟುಕತೆ. ನೀವು ನಾವೆಲ್ಲು ಅಂತೀರಲ್ಲ, ಅದು."

ಜಗದೇವಪ್ಪನವರು ನನ್ನ ಕಡೆ ನೋಡಿದರು. ಪೇಶ್ಕಾರ ಭಗವಂತರಾಯರೂ ನನ್ನ ಕಡೆ ನೋಡಿದರು. ನಾನು ಮಾಡಿನ ತೊಲೆ ಎಣಿಸುತ್ತ ನಿಂತೆ.

"ಹಂಗಾದ್ರ ತ್ರಿಯಂಬಕರಾಯ ಇಲ್ಲೇನ್ರಿ?"

"ಇಲ್ಲ."

"ನಿಂಗವ್ವ?"

"ಅವಳೂ ಇಲ್ಲ."

"ಕುರಿ ಸತ್ತಿಲ್ಲೇನ್ರಿ ಸಾಹೇಬ್ರ?" ಎಂದು ಹುಲಗಪ್ಪ ಮುಂದೆ ಬಂದ.

"ಕುರಿಯೇ ಇರಲಿಲ್ಲಪ್ಪಾ."

"ಬದುಕಿದ್ವು!" ಎಂದು ಹುಲಗಪ್ಪ ಎರಡೂ ಕೈ ಎತ್ತಿ ಮುಗಿದ. ಇಡೀ ಕಚೇರಿ ಗೊಳ್ಳೆಂದು ನಕ್ಕಿತು. ಜವಾನ ನಕ್ಕ, ಪೇಶ್ಕಾರರು ಬೇರೆ ದಾರಿ ಕಾಣದೆ ನಕ್ಕರು, ಕುರಿಗಳು ಕೂಡ ಒಂದೆರಡು ಸಲ ಕೂಗಿದವು. ಜಗದೇವಪ್ಪನವರು ಮಾತ್ರ ತಲೆ ತಗ್ಗಿಸಿ ನಿಂತಿದ್ದರು.

ತಹಸೀಲ್ದಾರರು ನಗು ತಡೆದು ಗಂಭೀರವಾದರು. "ನೋಡಿ, ಇದು ಅರ್ಜಿ. ನಾನು ಕೇಳಿದ್ದು ಅಭಿಪ್ರಾಯ. ನಿಯಮ ಮುರಿಯೋಕೆ ನನಗೆ ಬರೋದಿಲ್ಲ. ಆದರೆ ಹುಕುಮಿನಲ್ಲಿ ಅಭಿಪ್ರಾಯ ಅಂದರೆ ಏನು ಅಂತ ವಿವರಿಸದೇ ಇದ್ದದ್ದು ನನ್ನ ತಪ್ಪು. ಎರಡು ಪುಟ ಬೇಡ. ಇಲ್ಲೇ, ನನ್ನ ಮುಂದೆ, ಎರಡು ಸಾಲು ಬರೆಯಿರಿ. ಪುಸ್ತಕ ಓದಿ ನಿಮಗೆ ಏನನ್ನಿಸಿತು? ಅಷ್ಟೇ."

ಮೇಜಿನ ಮೇಲೆ ಬೇರೆ ಹಾಳೆ ಇರಲಿಲ್ಲ. ಜಗದೇವಪ್ಪನವರು ಅದೇ ಅರ್ಜಿಯನ್ನು ತಿರುವಿ ಹಾಕಿದರು. ನಗುತ್ತಿದ್ದ ಮಂದಿ ಮೇಜಿನ ಕಡೆ ಸರಿದರು. ಆ ಎರಡು ಸಾಲಿನ ಮೇಲೆ ಮರದ ನೆರಳು ನಿಂತಿತ್ತು. ಬರೆಯುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಚಮನಬೀ ತನ್ನ ದೇವರನ್ನೂ ಶಿವಬಸಮ್ಮನವರ ದೇವರನ್ನೂ ಒಂದೊಂದು ಸುತ್ತು ಕರೆದು ಮುಗಿಸಿದಳು.

ತಹಸೀಲ್ದಾರರು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು:

'ಈ ಕಿತಾಬಿನಲ್ಲಿ ಇರುವುದೆಲ್ಲ ಸುಳ್ಳೆಂದು ಈ ದಿವಸ ಕಚೇರಿಯಲ್ಲಿ ತಿಳಿಯಿತು. ಆದರೆ ಓದುವಾಗ ನಮ್ಮ ಕಟ್ಟೆಯ ಮೇಲೆ ಮೂರು ಮಂದಿ ಅತ್ತದ್ದು ಖರೆ, ಸಾಕ್ಷಿಗಳು ಹಾಜರಿದ್ದಾರೆ.'

ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಈ ಪುಸ್ತಕ ಓದಿ ಏನು ಮಾಡಿದಿರಿ?" ಎಂದರು.

"ನಕ್ಕೆ ಸರ್."

"ನಾನೂ ನಕ್ಕಿದ್ದೆ," ಎಂದು ಅವರು ಹಾಳೆಯ ಕೆಳಗೆ 'ಒಪ್ಪಿದೆ' ಎಂದು ಬರೆದು ಸಹಿ ಹಾಕಿದರು. ಸನದು ಅಲ್ಲೇ ಬರೆಸಿ ಕೊಟ್ಟರು. ಜವಾನನೇ ಹೋಗಿ ಪೆಟ್ಟಿಗೆಯನ್ನು ತಂದು ಮರದ ಕೆಳಗೆ ಇಟ್ಟ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಭಗವಂತರಾಯರು ಕಾಯಿದೆಯ ಮನುಷ್ಯ. ಸಾಹೇಬರು 'ಒಪ್ಪಿದೆ' ಎಂದು ಸಹಿ ಹಾಕಿದ್ದು ಅರ್ಜಿಯ ಹಾಳೆಯ ಮೇಲೆ. ಹಾಗಾಗಿ ಮಿಸಲಿನಲ್ಲಿ 'ಅರ್ಜಿ ಮಂಜೂರು' ಎಂದು ದಾಖಲಿಸಿ, ಪದಕ ಜಪ್ತಿಗೂ ಹದಿನೇಳು ಕುರಿ ಕೊಡಿಸುವುದಕ್ಕೂ ಹುಕುಂ ತಯಾರಿಸಿ, ಅರ್ಜಿದಾರನಿಗೆ ಒಂದು ನಕಲು ಮುಟ್ಟಿಸಿದರು. ನಾಲ್ಕು ದಿನ ಬಿಟ್ಟು ನಾನು ಕ್ಷಮೆ ಕೇಳಲೆಂದು ಮರದ ಹತ್ತಿರ ಹೋದಾಗ ಜಗದೇವಪ್ಪನವರು ಆ ನಕಲನ್ನು ಹುಲಗಪ್ಪನಿಗೆ ಓದಿ ಹೇಳುತ್ತಿದ್ದರು.

ಹುಲಗಪ್ಪ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ. "ಹದಿನೇಳು ಸಾಲಂಗಿಲ್ಲ ಮುನ್ಶಿಗೋಳ. ಸಾಯದ ಇದ್ದಿದ್ರ ಇಷ್ಟೊತ್ತಿಗೆ ಮರಿ ಹಾಕಿರ್ತಿದ್ವು. ಮರಿಗೂ ಬರೀರಿ."

ಜಗದೇವಪ್ಪನವರು ಹೊಸ ಹಾಳೆ ತೆಗೆದರು. ಕನ್ನಡದ ಅಕ್ಷರ ಈ ಸಲ ಸರಾಗವಾಗಿ ಬರತೊಡಗಿತ್ತು. ನಾನು ತಡೆಯಲಾರದೆ ಕೇಳಿದೆ.

"ಅಲ್ರಿ, ನಿಂಗವ್ವ ಇಲ್ಲಂತ ಗೊತ್ತಾದ ಮ್ಯಾಲೂ ಬರೀಲಿಕತ್ತೀರಲ್ರಿ?"

ಅವರು ತಲೆ ಎತ್ತಲಿಲ್ಲ.

"ಮಾಸ್ತರ, ಈ ಮರದ ಕೆಳಗ ಎಷ್ಟ್ ಮಂದಿ ಬಂದು ಕುಂತಾರ, ನನ್ನ ಕೈಲೆ ಎಷ್ಟ್ ಸುಳ್ಳು ಬರಿಸ್ಯಾರ, ನನಗೊಬ್ಬಾವಗ ಗೊತ್ತು. ನನಗ ಒಂದೂ ಸುಳ್ಳು ಹೇಳಲಾರದಾಕಿ ನಿಂಗವ್ವ ಒಬ್ಬಾಕಿ ನೋಡ್ರಿ."